ಹನ್ನೊಂದು ತಿಂಗಳ ಮಟ್ಟಿಗೆ

ಶಿವಮೊಗ್ಗದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ನನ್ನದೊಂದು ಮೇಜು, ಕುರ್ಚಿ, ಬಂದವರಿಗೊಂದು ಸ್ಟೂಲು.
ಊರಿನ ಎಷ್ಟೋ ಬಾಡಿಗೆ ಕರಾರು ಇಲ್ಲೇ ಹುಟ್ಟಿದ್ದು.
ಈ ಮೇಜಿಗೆ ಮಾತ್ರ ಯಾವ ಕಾಗದವೂ ಇಲ್ಲ,
ಜೆರಾಕ್ಸಿನ ಗಣಪಯ್ಯ ಒಮ್ಮೆ "ಕೂತ್ಕಳಿ" ಅಂದದ್ದಷ್ಟೇ.

"ಕ್ರಮವೇನೆಂದರೆ" ಎಂದು ಶುರುಮಾಡುತ್ತೇನೆ,
"ತಂಟೆ ತಕರಾರಿಲ್ಲದೆ" ಎಂದು ಮುಗಿಸುತ್ತೇನೆ.
ನಡುವೆ ಹನ್ನೊಂದು ತಿಂಗಳು.
ವರ್ಷ ದಾಟಿದರೆ ನೋಂದಣಿ, ಶುಲ್ಕ,
ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚು;
ಅದಕ್ಕೇ ಹನ್ನೆರಡನೆಯದನ್ನು
ಎಲ್ಲರೂ ಸೇರಿ ಕ್ಯಾಲೆಂಡರಿನಿಂದ ಹರಿದು ಹಾಕಿದ್ದಾರೆ.

ಖೈರುನ್ನೀಸಾಳ ಮ್ಯಾಚಿಂಗ್ ಸೆಂಟರು
ಗಾಂಧಿ ಬಜಾರಿನ ಒಳಸಂದಿಯಲ್ಲಿ:
ಎಂಟಡಿ ಅಗಲ, ಲೈನಿಂಗು, ಫಾಲ್ಸು, ದಾರದುಂಡೆ.
ಸೆರಗಿನ ತುದಿ ಬೆಳಕಿಗೆ ಹಿಡಿದು
"ರಾಮಾ ಗ್ರೀನಲ್ಲ ಇದು, ಬಾಟಲ್ ಗ್ರೀನಿನ ತಂಗಿ" ಅನ್ನುತ್ತಾಳೆ.

ಮಾಲೀಕ ಪಂಚಾಕ್ಷರಪ್ಪನವರೂ ಅವಳೂ
ಹನ್ನೊಂದು ತಿಂಗಳಿಗೊಮ್ಮೆ ಜೊತೆಯಾಗಿ ಬಂದು
"ನೀವು ಕೂತ್ಕಳಿ", "ಇಲ್ಲ, ನೀವು" ಎಂದು ಬಿಟ್ಟುಕೊಟ್ಟು
ಕೊನೆಗೆ ಸ್ಟೂಲಿನ ಮೇಲೆ ಅವರ ಕೊಡೆ ಕೂರುತ್ತಿತ್ತು.
ನೂರಕ್ಕೆ ಐದು ಏರಿಸುವ ಮಾತು ಬಂದಾಗ
ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

"ನೋಡಕ್ಕಾ, ಒಂದು ಕರಾರು ಯುಗಾದಿಗೆ,
ಮುಂದಿನದು ಶಿವರಾತ್ರಿಗೆ, ಅದರಾಚೆಯದು ಸಂಕ್ರಾಂತಿಗೆ.
ನಮ್ಮ ರಂಜಾನಿನ ಹಾಗೆ ಹಿಂದೆ ಹಿಂದೆ ಸರೀತದೆ."
ಇಪ್ಪತ್ತನಾಲ್ಕು ಕರಾರು, ಇಪ್ಪತ್ತೆರಡು ವರ್ಷ.
ಋತುಗಳ ಸುತ್ತ ಎರಡು ಸುತ್ತು, ಅಪ್ರದಕ್ಷಿಣವಾಗಿ.

ಟೈಪ್‌ರೈಟರ್ ಗುಜರಿಗೆ ಹೋಗಿ ಕಂಪ್ಯೂಟರ್ ಬಂದ ಮೇಲೆ
ದಿನಾಂಕ, ಮೊತ್ತ, ಎರಡೇ ಬದಲಿಸುವುದು.
ಚಕ್ಕುಬಂದಿಯಲ್ಲಿ ಉತ್ತರಕ್ಕೆ ಇವತ್ತಿಗೂ
ಸತ್ಯಾನಂದನ ಗಡಿಯಾರ ರಿಪೇರಿ ಅಂಗಡಿಯೇ ಇದೆ.
ಅವನು ಹೋಗಿ ಒಂಬತ್ತು ವರ್ಷ;
ಅಲ್ಲೀಗ ಮೊಬೈಲ್ ಕವರುಗಳು ತೂಗುತ್ತವೆ.
ತಿದ್ದಬೇಕು ಅಂದುಕೊಳ್ಳುತ್ತೇನೆ. ತಿದ್ದಿಲ್ಲ.

ಈ ಸಲ ಒಬ್ಬಳೇ ಬಂದಳು.
ಸ್ಟೂಲಿನ ಮೇಲೆ ಕೂರಲಿಲ್ಲ, ಚೀಲವನ್ನೂ ಇಡಲಿಲ್ಲ.
ಪಂಚಾಕ್ಷರಪ್ಪ ಶ್ರಾವಣದಲ್ಲಿ ತೀರಿಕೊಂಡರು, ಉಯಿಲು ಬರೆದಿಡದೆ.
ದೊಡ್ಡ ಮಗ ಬಾಡಿಗೆ ನನಗೆ ಅಂದ,
ಚಿಕ್ಕವನು ಅವನಿಗೆ ಕೊಟ್ಟರೆ ಜೋಕೆ ಅಂದ,
ಹೊಳೆಹೊನ್ನೂರಿಗೆ ಕೊಟ್ಟ ಮಗಳು
ಏನೂ ಅನ್ನದೆ ವಕೀಲರ ನೋಟಿಸು ಕಳಿಸಿದಳು.
"ಮೂರು ಪಾಲು ಮಾಡೇ ಕೊಡ್ತೀನಿ ಅಂದೆ ಅಕ್ಕಾ, ಯಾರೂ ತಗಳಲ್ಲ."
ತಗೊಂಡರೆ ಉಳಿದಿಬ್ಬರ ಹಕ್ಕು ಒಪ್ಪಿಕೊಂಡಂತೆ
ಎಂದು ಅವರವರ ವಕೀಲರು ಹೇಳಿದ್ದಾರೆ.
ಮನಿಆರ್ಡರ್ ಮಾಡಿ, ಹಿಂದೆ ಬಂದರೆ ಚೀಟಿ ಜೋಪಾನ
ಎಂದು ಇವಳ ವಕೀಲರು.
ಬ್ಲೌಸ್ ಪೀಸಿನ ಕವರಿನಿಂದ ತೆಗೆದು ತೋರಿಸಿದಳು:
ಸ್ವೀಕರಿಸಲಿಲ್ಲ. ಸ್ವೀಕರಿಸಲಿಲ್ಲ.
ಒಂದರ ಮೇಲೆ, ಮನೆಯಲ್ಲಿಲ್ಲ.

"ಕರಾರು ಟೈಪ್ ಮಾಡಕ್ಕಾ, ಮುಗಿದು ಹನ್ನೆರಡು ದಿನ ಆಯ್ತು."
"ಒಂದನೇ ಪಾರ್ಟಿ ಯಾರು?"
"ಖಾಲಿ ಬಿಡು."

ಖಾಲಿ ಬಿಟ್ಟ ಕರಾರು ಕರಾರಲ್ಲ. ನನಗೆ ಗೊತ್ತು,
ಅವಳಿಗೆ ನನಗಿಂತ ಗೊತ್ತು.
ಆದರೂ ಟೈಪ್ ಮಾಡಿದೆ,
ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ.
ನೂರಕ್ಕೆ ಐದು ತಾನೇ ಏರಿಸಿಕೊಂಡಳು.
"ಅವರಿದ್ದಿದ್ದರೆ ಅಷ್ಟೇ ಕೇಳ್ತಿದ್ರು."

ಹಾಳೆ ಬಂತು. ಹೆಸರಿಲ್ಲದ ಜಾಗಕ್ಕೆ ಬೆರಳಿಟ್ಟು
ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು,
ಗಿರಾಕಿಯ ಸೆರಗು ನೋಡುವ ಹಾಗೆ.
"ಹಾಲು ಬಿಳಿ ಅಲ್ಲ," ಅಂದಳು, "ಹಾಫ್ ವೈಟೂ ಅಲ್ಲ."

ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿಕೊಂಡು
ಎರಡು ಹೆಜ್ಜೆ ಹೋದವಳು ತಿರುಗಿ,
"ಉತ್ತರಕ್ಕೆ ಗಡಿಯಾರದ ಅಂಗಡಿ ಅಂತ ಇದೆಯಲ್ಲಾ, ಅದು ತಪ್ಪು."
"ತಿದ್ದಲಾ?"
"ಮುಂದಿನ ಸಲ."